ಹಡಗನ್ನೇರುವ ಮುನ್ನ

'ಮಗ ಶಿಪ್ಪಿನಲ್ಲಿದ್ದಾನೆ' ಎಂಬ ಮಾತು ಕೇಳಿಬರದ ಧರ್ಮಕೇಂದ್ರ ನಮ್ಮ ಕರಾವಳಿಯಲ್ಲಿ ವಿರಳ. ಪ್ರವಾಸಿ ಹಡಗುಗಳ ಅಡುಗೆಮನೆಯಲ್ಲೋ, ಭೋಜನಶಾಲೆಯಲ್ಲೋ ದುಡಿದು ನಮ್ಮ ಯುವಕರು ಕಳುಹಿಸುವ ಹಣದಿಂದ ಹಂಚಿನ ಮನೆಗೆ ತಾರಸಿ ಬರುತ್ತದೆ, ತಂಗಿಯ ವಿವಾಹ ನೆರವೇರುತ್ತದೆ. ಆದರೆ ಅವರು ಪ್ರತಿಸಲವೂ ದಾಟಬೇಕಾದ ವೈದ್ಯಕೀಯ ತಪಾಸಣೆಯ ಬಾಗಿಲಿನ ನೆನಪು ನಮಗಾಗುವುದು ಅದು ಮುಚ್ಚಿಕೊಂಡಾಗಲೇ.

ನೆರೆಮನೆಯ ಯುವಕನೊಬ್ಬನಿಗೆ ಹಾಗಾಯಿತು. ನಾಲ್ಕು ಒಪ್ಪಂದಗಳನ್ನು ಮುಗಿಸಿದ್ದವನು ಐದನೆಯದಕ್ಕೆ ಸಿದ್ಧನಾಗುತ್ತಿದ್ದಾಗ ಎದೆಯ ಎಕ್ಸ್‌ರೇಯಲ್ಲಿ ಮಚ್ಚೆಯೊಂದು ಕಾಣಿಸಿತು. 'ತಾತ್ಕಾಲಿಕವಾಗಿ ಅನರ್ಹ' ಎಂದು ಬರೆದುಕೊಟ್ಟರು. ವಿಮಾನದ ಟಿಕೆಟು ರದ್ದಾಯಿತು. ಮನೆ ಸಾಲದ ಕಂತು ಮಾತ್ರ ರದ್ದಾಗಲಿಲ್ಲ. ಅವನ ತಾಯಿ ಒಂದು ಸಂಜೆ ಬಂದು ಮೆಲುದನಿಯಲ್ಲಿ ಕೇಳಿದರು: "ಟೀಚರೇ, ಅವನಿಗೆ ಜ್ವರವಿಲ್ಲ, ಹೇಳುವಂಥ ಕೆಮ್ಮೂ ಇಲ್ಲ. ಬೇರೆ ಯಾರದಾದರೂ ಎಕ್ಸ್‌ರೇ ತೋರಿಸಿದರೆ ಆಗುವುದಿಲ್ಲವಾ?"

ಆ ತಾಯಿಯನ್ನು ಗದರಿಸಲು ನನಗೆ ಬಾಯಿ ಬರಲಿಲ್ಲ. ಹಸಿವನ್ನು ಕಂಡವರ ಪ್ರಶ್ನೆ ಅದು.

ತಪಾಸಣೆ ಇಂದಿನದಲ್ಲ. ಯಾಜಕಕಾಂಡದ ಹದಿಮೂರನೆಯ ಅಧ್ಯಾಯದಲ್ಲಿ ಯಾಜಕನು ಚರ್ಮದ ಮಚ್ಚೆಯನ್ನು ಪರೀಕ್ಷಿಸುತ್ತಾನೆ. ಸಂಶಯವಿದ್ದರೆ ಏಳು ದಿನ ಪ್ರತ್ಯೇಕವಾಗಿಟ್ಟು ಮತ್ತೆ ನೋಡುತ್ತಾನೆ. ೧೩೭೭ರಲ್ಲಿ ರಗೂಸಾ ನಗರ, ಅಂದರೆ ಇಂದಿನ ಡುಬ್ರೊವ್ನಿಕ್, ಪ್ಲೇಗು ಪೀಡಿತ ಊರುಗಳಿಂದ ಬಂದವರನ್ನು ಮೂವತ್ತು ದಿನ ಹೊರಗೇ ನಿಲ್ಲಿಸಲು ಕಟ್ಟಳೆ ಮಾಡಿತು. ಮುಂದೆ ಅದು ನಲವತ್ತು ದಿನಗಳಾಗಿ 'ಕ್ವಾರಂಟೈನ್' ಎಂಬ ಪದವೇ ಹುಟ್ಟಿತು.

ಹಡಗಿನೊಳಗೆ ರೋಗ ಹೊಕ್ಕರೆ ಏನಾಗುತ್ತದೆಂಬುದನ್ನು ೨೦೨೦ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಜಗತ್ತು ಕಂಡಿತು. 'ಡೈಮಂಡ್ ಪ್ರಿನ್ಸೆಸ್' ಹಡಗಿನಲ್ಲಿದ್ದ ೩,೭೧೧ ಮಂದಿಯಲ್ಲಿ ೭೦೦ಕ್ಕೂ ಹೆಚ್ಚು ಜನರಿಗೆ ಕೊರೋನಾ ತಗಲಿತು. ಪ್ರಯಾಣಿಕರನ್ನು ಕೋಣೆಗಳಲ್ಲಿರಿಸಲಾಯಿತು. ಆ ಕೋಣೆಗಳ ಬಾಗಿಲಿಗೆ ಊಟ ಒಯ್ದವರು ನೌಕರರು. ಅವರಲ್ಲಿ ನೂರಕ್ಕೂ ಹೆಚ್ಚು ಮಂದಿ ಭಾರತೀಯರು. ದುಡಿದು ಬಂದು ಅವರು ಮಲಗುತ್ತಿದ್ದುದು ಇನ್ನೊಬ್ಬರೊಡನೆ ಹಂಚಿಕೊಂಡ ಕಿರುಕೋಣೆಗಳಲ್ಲಿ. ಹಡಗುಗಳು ಮತ್ತೆ ಹೊರಟಾಗ ಪ್ರಯಾಣಿಕರೂ ಪರೀಕ್ಷೆಗೆ ಒಳಗಾಗಬೇಕಾಯಿತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ೨೦೨೨ರ ಜುಲೈಯಲ್ಲಿ ಪ್ರವಾಸಿ ಹಡಗುಗಳಿಗಾಗಿ ನಡೆಸುತ್ತಿದ್ದ ಆ ಕಾರ್ಯಕ್ರಮವನ್ನು ಕೈಬಿಟ್ಟಿತು. ಹಣ ಕೊಟ್ಟು ಏರುವವನಿಗೆ ಬಾಗಿಲು ಬೇಗನೆ ಸಡಿಲವಾಗುತ್ತದೆ, ಬಡಿಸಲು ಏರುವವನಿಗೆ ಅಲ್ಲ. ಈ ತಾರತಮ್ಯ ನನಗೆ ಹಿಡಿಸುವುದಿಲ್ಲ.

ಆದರೂ ನೌಕರರ ತಪಾಸಣೆಯನ್ನು ವಿಧಿಸಿದ್ದು ಅವರ ಹಿತಕ್ಕಾಗಿಯೇ ರೂಪುಗೊಂಡ ಒಪ್ಪಂದ. ೨೦೦೬ರ ಸಮುದ್ರ ಕಾರ್ಮಿಕರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತವು ೨೦೧೫ರಲ್ಲಿ ಒಪ್ಪಿಗೆ ನೀಡಿತು. ಅದರಂತೆ ವೈದ್ಯಕೀಯ ಪ್ರಮಾಣಪತ್ರದ ಅವಧಿ ಹೆಚ್ಚೆಂದರೆ ಎರಡು ವರ್ಷ. ಕಣ್ಣು, ಕಿವಿ ಸರಿಯಿರುವುದರ ಜೊತೆಗೆ, ಸಮುದ್ರವಾಸದಿಂದ ಉಲ್ಬಣಿಸುವ ಅಥವಾ ಹಡಗಿನ ಇತರರಿಗೆ ಅಪಾಯ ತರುವ ಕಾಯಿಲೆಯಿಲ್ಲವೆಂದು ವೈದ್ಯರು ದೃಢೀಕರಿಸಬೇಕು. ನಿರಾಕರಿಸಲ್ಪಟ್ಟವನಿಗೆ ಇನ್ನೊಬ್ಬ ಸ್ವತಂತ್ರ ವೈದ್ಯರಿಂದ ಮರುಪರೀಕ್ಷೆ ಪಡೆಯುವ ಹಕ್ಕೂ ಅದರಲ್ಲಿದೆ. ಇದನ್ನು ನಮ್ಮ ಮನೆಗಳಲ್ಲಿ ಎಷ್ಟು ಮಂದಿ ಬಲ್ಲರು?

ಆ ತಾಯಿಗೆ ನಾನು ಈ ಹಕ್ಕಿನ ವಿಷಯ ತಿಳಿಸಿದೆ. ಮಗ ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳುತ್ತಿದ್ದ. "ಅಮ್ಮಾ, ನನ್ನ ಕೋಣೆಯಲ್ಲಿ ಮಲಗುವವನಿಗೆ ಆರು ತಿಂಗಳ ಮಗುವಿದೆ. ಮೊದಲು ಕಫ ಪರೀಕ್ಷೆ ಆಗಲಿ," ಎಂದ.

ಪ್ರಭು ಯೇಸು ಹತ್ತು ಮಂದಿ ಕುಷ್ಠರೋಗಿಗಳಿಗೆ ಹೋಗಿ ಯಾಜಕರಿಗೆ ಮೈ ತೋರಿಸಿರೆಂದು ಹೇಳಿದಾಗ ಅವರಿನ್ನೂ ಗುಣವಾಗಿರಲಿಲ್ಲ. ಹಾದಿಯಲ್ಲಿ ನಡೆಯುತ್ತಿರುವಾಗ ಗುಣವಾದರೆಂದು ಸಂತ ಲೂಕರು ಬರೆಯುತ್ತಾರೆ. ಅಂದರೆ ಅವರು ಹೊರಟದ್ದು ಮೈಮೇಲೆ ರೋಗವಿರುವಾಗಲೇ. ಆ ಹುಡುಗನ ಮಾತು ಕೇಳಿದ ಬಳಿಕ ಈ ಶುಭಸಂದೇಶವನ್ನು ನಾನು ಬೇರೆಯೇ ರೀತಿ ಓದುತ್ತಿದ್ದೇನೆ.

ಕಫದಲ್ಲಿ ಕ್ಷಯರೋಗ ಖಚಿತವಾಯಿತು. ಸರಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ. ಆರು ತಿಂಗಳು ತಪ್ಪದೆ ನುಂಗಬೇಕು. ಈಗ ನಾಲ್ಕನೆಯ ತಿಂಗಳು ನಡೆಯುತ್ತಿದೆ. ತಾಯಿಯ ಬಳೆಗಳು ಬ್ಯಾಂಕಿನಲ್ಲಿವೆ. ಹಡಗಿನ ಗೆಳೆಯನಿಗೆ ಅವನೇ ಫೋನು ಮಾಡಿ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿದ್ದಾನೆ. ಅವನ ವರದಿ ಇನ್ನೂ ಬರಬೇಕಾಗಿದೆ.