ಕೌದಳ್ಳಿಯ ತಂಗು

ದಾರಿ ನಡೆಯುವುದನ್ನು ಹೊಗಳಿದವರು ಅನೇಕರುಂಟು. ದಾರಿಯಲ್ಲಿ ನಿಲ್ಲುವುದನ್ನು ಹೊಗಳಿದವರು ವಿರಳ. ಸೇರಬೇಕಾದ ಸ್ಥಳವನ್ನು ಸೇರಿದರೇ ಯಾತ್ರೆಯು ಪೂರೈಸಿತೆಂದು ಲೋಕವು ಎಣಿಸುವುದು ಸಹಜವಾಗಿದೆ. ಆದರೆ ಹಲವು ದಿನ ಕಾಲ್ನಡೆಯಲ್ಲಿ ಸಾಗಿದವರು ಇನ್ನೊಂದು ಸಂಗತಿಯನ್ನು ಬಲ್ಲರು. ನಡೆಯುವಷ್ಟು ಹೊತ್ತು ಮನಸ್ಸು ಕಾಲಿನ ಹಿಂದೆ ಹೋಗುತ್ತಿರುತ್ತದೆ. ಕಾಲು ನಿಂತ ದಿನ ಅದು ತನ್ನ ಲೆಕ್ಕವನ್ನು ಕೇಳತೊಡಗುತ್ತದೆ.

ಶಿವರಾತ್ರಿಯ ಕಾಲದಲ್ಲಿ ಮಲೆಯ ಮಹದೇಶ್ವರನ ಬೆಟ್ಟಕ್ಕೆ ನಡೆದು ಹೋಗುವ ಪದ್ಧತಿಯು ಹಳೆಯದು. ಕೊಳ್ಳೇಗಾಲದಿಂದ ಬೆಟ್ಟಕ್ಕೆ ಸುಮಾರು 80 ಕಿಲೋಮೀಟರು. ಮಧುವನಹಳ್ಳಿ, ಕಾಮಗೆರೆ, ಹನೂರು, ಕೌದಳ್ಳಿಗಳನ್ನು ದಾಟಿ ತಾಳಬೆಟ್ಟವನ್ನು ಮುಟ್ಟಿದರೆ ಅಲ್ಲಿಂದ ಮುಂದೆ ಏರುದಾರಿ. ಕನಕಪುರದ ಕಡೆಯವರು ಕಾವೇರಿಯನ್ನು ದಾಟಿ ಕಾಡಿನೊಳಗಿಂದ ಬರುವರು. ಯಳಂದೂರಿನವರು ಸುವರ್ಣಾವತಿಯ ಬಯಲನ್ನು ಬಿಟ್ಟು ಕೊಳ್ಳೇಗಾಲದ ಹಾದಿಯನ್ನು ಹಿಡಿಯುವರು. ಹಿಂದೆ ಇದು ಎರಡು ಸೀಮೆಗಳ ದಾರಿಯಾಗಿತ್ತು. ದಿವಾನ್ ಪೂರ್ಣಯ್ಯನವರ ಜಹಗೀರಾದ ಯಳಂದೂರು ಮೈಸೂರು ಸಂಸ್ಥಾನದಲ್ಲಿದ್ದಿತು. ಕೊಳ್ಳೇಗಾಲವು 1956ರವರೆಗೆ ಮದರಾಸಿನ ಆಡಳಿತಕ್ಕೊಳಪಟ್ಟ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. 1997ರಲ್ಲಿ ಚಾಮರಾಜನಗರವು ಜಿಲ್ಲೆಯಾಯಿತು. ಈಚೆಗೆ ಹನೂರು ಬೇರೆ ತಾಲ್ಲೂಕಾಯಿತು. ಗಡಿಗಳು ಇಷ್ಟು ಸಲ ಬದಲಾದರೂ ಹರಕೆ ಹೊತ್ತವರ ಹಾದಿ ಬದಲಾಗಲಿಲ್ಲ.

ಯಳಂದೂರಿನ ಸಮೀಪದ ಹಳ್ಳಿಯೊಂದರ ನಿವೃತ್ತ ಉಪಾಧ್ಯಾಯರೊಬ್ಬರು ಈ ಹಾದಿಯಲ್ಲಿ ತಮ್ಮ ಅಣ್ಣನವರೊಡನೆ ಎಂಟು ವರ್ಷ ನಡೆದಿದ್ದರು. ಹರಕೆಯು ಅಣ್ಣನವರದು: ಒಂಬತ್ತು ಶಿವರಾತ್ರಿ ನಡೆದು ಬರುವುದಾಗಿ. ಎಂಟು ಸಂದವು, ಒಂಬತ್ತನೆಯದಕ್ಕೆ ಅವರು ಉಳಿಯಲಿಲ್ಲ. ಬಸ್ಸಿನಲ್ಲಿ ಹೋಗಿ ಕಾಯಿ ಒಡೆದು ಬಂದರೆ ಸಾಕೆಂದು ಮನೆಯವರೂ, ಜೊತೆಯಲ್ಲಿ ಬನ್ನಿರೆಂದು ಊರಿನ ತಂಡದವರೂ ಹೇಳಿದರು. ಉಪಾಧ್ಯಾಯರು ಎರಡಕ್ಕೂ ಒಪ್ಪದೆ, ಮಾಘ ಬಹುಳ ನವಮಿಯ ಬೆಳಿಗ್ಗೆ ಕಂಬಳಿಯನ್ನೂ ಅಣ್ಣನ ಊರುಗೋಲನ್ನೂ ಹಿಡಿದು ಒಬ್ಬರೇ ಹೊರಟರು. ಒಬ್ಬರ ಹರಕೆಯನ್ನು ಇನ್ನೊಬ್ಬರು ನಡೆದರೆ ಅದು ಸಲ್ಲುವುದೇ ಎಂಬ ಪ್ರಶ್ನೆಯೊಂದೇ ಅವರಿಗೆ ಜೊತೆಯಾಗಿ ಬಂದುದು.

ಏಕಾದಶಿಯ ಸಂಜೆ ಕೌದಳ್ಳಿಯ ಹತ್ತಿರಕ್ಕೆ ಬರುವ ವೇಳೆಗೆ ಬಲಗಾಲಿನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಹೊಲದಂಚಿನ ಹುಣಸೆಯ ಮರದಡಿ ಕಂಬಳಿ ಹಾಸಿದರು. ತಾಳಬೆಟ್ಟದಾಚೆಯದು ಆನೆಗಳ ನೆಲ. 2013ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಾಡು. ಕುಂಟುವ ಕಾಲಿನಲ್ಲಿ ಒಂಟಿಯಾಗಿ ಅಲ್ಲಿ ಹೊತ್ತು ಮುಳುಗಿಸಿಕೊಳ್ಳುವುದು ವಿವೇಕವಲ್ಲವೆಂದು ಅವರಿಗೆ ತಿಳಿದಿತ್ತು. ಆದರೂ ದ್ವಾದಶಿಯ ಬೆಳಿಗ್ಗೆ ಎದ್ದು ಗಂಟನ್ನು ಕಟ್ಟಲಾರಂಭಿಸಿದರು. ಹೊಲದ ಒಡತಿಯಾದ ಮುದುಕಿ ನೋಡಿ ತಡೆದಳು.

"ಕಾಲ್ನೇ ಕಳ್ಕಂಡ್ರೆ ಮಾದಪ್ಪನ ತಾವಿಕೆ ಯಾವ್ದರಲ್ಲಿ ಹೋದರಿ ಮೇಷ್ಟ್ರೇ? ಇವತ್ತೊಂದಿನ ಕೂತ್ಕಳಿ."

ಅಣ್ಣನವರೂ ಪ್ರತಿವರ್ಷ ಇದೇ ಮರದಡಿ ಒಂದು ದಿನ ನಿಲ್ಲುತ್ತಿದ್ದರು. ವಯಸ್ಸಿನ ಆಯಾಸವೆಂದು ತಮ್ಮನವರು ಎಣಿಸಿ, ಆ ದಿನವನ್ನು ಕೌದಳ್ಳಿಯ ಅಂಗಡಿಬೀದಿಯಲ್ಲಿ ಪತ್ರಿಕೆಯನ್ನೋದುತ್ತ ಕಳೆಯುತ್ತಿದ್ದರು. ಈ ಸಲ ಹಿಮ್ಮಡಿಯು ಅವರನ್ನು ಮರದಡಿಯಲ್ಲಿಯೇ ಕೂರಿಸಿತು.

ಬಿಸಿಲೇರುವ ಹೊತ್ತಿಗೆ ಯಾತ್ರಿಕರ ಗುಂಪೊಂದು ಬಂದಿತು. ಅವರಲ್ಲೊಬ್ಬನು ನಿಂತು, "ಇಲ್ಲಿ ವರ್ಸಾವರ್ಸ ನೀರು ಕೊಡ್ತಿದ್ದ ಯಜಮಾನ್ರು ಎಲ್ಲಿ?" ಎಂದನು. ಉಪಾಧ್ಯಾಯರಿಗೆ ಮಾತು ಅರ್ಥವಾಗಲಿಲ್ಲ. ಮುದುಕಿ ಒಳಕ್ಕೆ ಹೋಗಿ ಮಣ್ಣಿನ ಮಡಕೆಯೊಂದನ್ನು ತಂದು ಅವರ ಮುಂದಿಟ್ಟಳು.

"ಇದು ನಿಮ್ಮಣ್ಣೋರದು. ಹೋದ್ ವರ್ಸ ಹೋಗುವಾಗ ನಮ್ಮನೇಲಿ ಮಡಗ್ಬುಟ್ಟು ಹೋಗಿದ್ರು."

ಅಣ್ಣನು ಇಲ್ಲಿ ನಿಲ್ಲುತ್ತಿದ್ದುದು ಹಿಂದೆ ಬರುವವರಿಗಾಗಿ! ಉಪಾಧ್ಯಾಯರು ಬಹಳ ಹೊತ್ತು ಆ ಮಡಕೆಯನ್ನೇ ನೋಡುತ್ತಿದ್ದರು. ಬಳಿಕ ಕುಂಟುತ್ತ ಕೊಳವೆಬಾವಿಯ ತೊಟ್ಟಿಯವರೆಗೆ ಹೋಗಿ ಅದನ್ನು ತುಂಬಿ ತಂದರು. ಮಧ್ಯಾಹ್ನದವರೆಗೆ ಬಂದವರ ಬೊಗಸೆಗಳಿಗೆಲ್ಲ ನೀರೆರೆದರು. ಕೆಲವರು "ಉಘೇ ಮಾದಪ್ಪ" ಎಂದು ಹಾರೈಸಿ ಹೋದರು. ಕೆಲವರು ಏನನ್ನೂ ಹೇಳದೆ ಬಾಯಿ ಒರಸಿಕೊಂಡು ಹೋದರು. ಹುಡುಗನೊಬ್ಬನು "ನಿಮ್ದು ಏನು ಹರಕೆ ತಾತಾ?" ಎಂದು ಕೇಳಿದನು. "ನಮ್ಮಣ್ಣಂದು" ಎಂದರು, ಹುಡುಗನಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಇಳಿಹೊತ್ತಿನಲ್ಲಿ ದಾರಿಯು ಬರಿದಾದಾಗ ಅವರ ನೆನಪಿಗೆ ಬಂದುದು ದೇವರಗುಡ್ಡರೂ ಕಂಸಾಳೆಯವರೂ ಹಾಡುವ ಕಥೆ. ಮಹದೇಶ್ವರನೂ ನೇರವಾಗಿ ಎಪ್ಪತ್ತೇಳು ಮಲೆಗೆ ಬಂದವನಲ್ಲ. ಸುತ್ತೂರಿನ ಮಠದಲ್ಲಿ ನಿಂತು ರಾಗಿ ಬೀಸಿದನು. ಕುಂತೂರಿನ ಮಠದಲ್ಲಿ ನಿಂತನು. ಆಮೇಲೆ ಮಲೆಯನ್ನು ಸೇರಿದನು. ಮಠದ ಜನ ಉಣ್ಣುವ ರಾಗಿಯನ್ನು ಬೀಸಿದ ಆ ದಿನಗಳನ್ನು ಹಾಡುವವರು ಬಿಟ್ಟು ಹಾಡುವುದಿಲ್ಲ. ಅವೂ ದೇವರ ಮಹಿಮೆಯೊಳಗೇ ಸೇರಿವೆ. ಎಂಟು ವರ್ಷ ಈ ಮರದಡಿ ಸಂದ ಎಂಟು ದಿನಗಳನ್ನು ತಾವು ಮಾತ್ರ ಹರಕೆಯ ಹೊರಗಿಟ್ಟು ಎಣಿಸಿದ್ದುದು ಅವರಿಗೆ ಆಗ ಹೊಳೆಯಿತು. ಹರಕೆಯು ಸಲ್ಲುವುದೇ ಎಂಬ ಪ್ರಶ್ನೆಗೆ ಉತ್ತರ ದೊರೆಯಿತೆಂದು ಹೇಳಲಾಗದು. ಆದರೆ ಅದು ಮೊದಲಿನಷ್ಟು ಭಾರವಾಗಿರಲಿಲ್ಲ.

ಕತ್ತಲಾಗುವ ಮೊದಲು ಮಡಕೆಯನ್ನು ತೊಳೆದು ಮುದುಕಿಯ ಮನೆಗೆ ಕೊಂಡೊಯ್ದರು. "ಹರಕೆ ಈ ವರ್ಸಕ್ಕೆ ಮುಗೀತಲ್ಲವಾ? ಊರಿಗೆ ತಕ್ಕಂಡು ಹೋಗಿ" ಎಂದಳು ಆಕೆ. ಉಪಾಧ್ಯಾಯರು ಮಡಕೆಯನ್ನು ಮೂಲೆಯಲ್ಲಿ ಬೋರಲು ಹಾಕಿ, "ಇಲ್ಲೇ ಇರಲಿ ತಾಯಿ, ಬರುವ ಶಿವರಾತ್ರಿಗೆ ಬೇಕಾಗುತ್ತದೆ" ಎಂದರು.

ತ್ರಯೋದಶಿಯ ನಸುಕಿನಲ್ಲಿ ಹಿಮ್ಮಡಿಗೆ ಬಟ್ಟೆ ಸುತ್ತಿಕೊಂಡು, ಅವಸರವಿಲ್ಲದೆ, ತಾಳಬೆಟ್ಟದ ಕಡೆಗೆ ಹೊರಟರು.