ನೆಲಕ್ಕೊಂದು ನ್ಯಾಯ, ನೀರಿಗೊಂದು ನ್ಯಾಯ

ಬಯಲುಸೀಮೆಯಲ್ಲಿ ಬೆಳೆದವರಿಗೆ ಈಜು ಎಂದರೆ ಮೊದಲು ನೆನಪಾಗುವುದು ಹೊಲದ ಬಾವಿ. ಕಲ್ಲು ಕಟ್ಟಿದ ನಾಲ್ಕು ಗೋಡೆ, ಒಂದು ಬದಿಗೆ ಇಳಿಯಲು ಮೆಟ್ಟಿಲು, ಗೋಡೆಯ ಸಂದಿಯಲ್ಲಿ ಪಾರಿವಾಳ, ಕೆಳಗೆ ಹಸಿರುಗಪ್ಪು ನೀರು. ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಸೊಂಟಕ್ಕೆ ಬೆಂಡನ್ನೋ ಕಟ್ಟಿ ಹಿರಿಯರು ನೀರಿಗೆ ಬಿಡುತ್ತಿದ್ದರು. ನಾನು ಕಲಿತದ್ದೂ ಹಾಗೆಯೇ. ಆಮೇಲೆ ಹೊಳೆ, ಸಮುದ್ರ, ಪೇಟೆಯ ಈಜುಕೊಳ ಎಲ್ಲವನ್ನೂ ಕಂಡದ್ದಾಯಿತು. ಬಾವಿಯ ಮೋಹ ಮಾತ್ರ ಬಿಡಲಿಲ್ಲ. ಬಾವಿಯಲ್ಲಿ ಕೊನೆಯ ಮೆಟ್ಟಿಲು ದಾಟಿದೊಡನೆ ನೆಲದ ಕಾನೂನು ಮುಗಿದು ನೀರಿನ ಕಾನೂನು ಶುರುವಾಗುತ್ತದೆ. ಆ ಗಡಿಯನ್ನು ನಮ್ಮ ಮೈಯೇ ದಾಟಿ ನೋಡುವ ಸುಖ ಬೇರೆ ಯಾವ ಹವ್ಯಾಸದಲ್ಲೂ ನನಗೆ ಸಿಕ್ಕಿಲ್ಲ.

ಮೊದಲು ಅರಿವಿಗೆ ಬರುವುದು ಬಿಸಿ-ತಂಪು. ಗಾಳಿ 25 ಡಿಗ್ರಿ ಇದ್ದರೆ ಹಿತವಾಗಿರುತ್ತದೆ. ಅಷ್ಟೇ ಡಿಗ್ರಿಯ ನೀರಿಗೆ ಇಳಿದರೆ ಮೈ ಜುಮ್ಮೆನ್ನುತ್ತದೆ. ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ಚೆನ್ನಾಗಿ ಮೈಯ ಶಾಖವನ್ನು ಹೊತ್ತೊಯ್ಯುತ್ತದೆ. ಆದರೆ ತಾನು ಬಿಸಿಯಾಗುವುದೂ ತಣಿಯುವುದೂ ಬಲು ನಿಧಾನ. ಬೇಸಿಗೆಯ ಮಧ್ಯಾಹ್ನ ಮೆಟ್ಟಿಲ ಕಲ್ಲು ಅಂಗಾಲು ಸುಡುವಾಗ ಬಾವಿಯ ನೀರು ತಣ್ಣಗಿರುತ್ತದೆ. ಪುಷ್ಯ ಮಾಸದ ಬೆಳಗ್ಗೆ ಹಲ್ಲು ಕಟಕಟಿಸುವಾಗ ಅದೇ ನೀರು ಬೆಚ್ಚಗೆ ಹಬೆಯಾಡುತ್ತದೆ. ನೆಲದ ಮೇಲಿನ ಜೀವ ಒಂದೇ ದಿನದಲ್ಲಿ ಉಣ್ಣುವ ಬಿಸಿಲು-ಚಳಿಯ ಏರುಪೇರು ಬಾವಿಯ ಆಳದ ಜೀವಕ್ಕೆ ಗೊತ್ತೇ ಇಲ್ಲ. ಏಪ್ರಿಲ್‌ನಲ್ಲಿ ನೆಟ್ಟಗೆ ನಿಂತು ತೇಲಿದರೆ ಎದೆಮಟ್ಟದ ನೀರು ಬೆಚ್ಚಗೆ, ಪಾದದ ಬಳಿ ತಣ್ಣಗೆ. ಬಿಸಿಯಾದ ನೀರು ಹಗುರ, ಅದು ಮೇಲೇ ಉಳಿಯುತ್ತದೆ. ಬಾವಿಯ ಈ ಎರಡು ಪದರಗಳನ್ನು ಕಾಲಾಡಿಸಿ ಹುಡುಕುವುದು ನನ್ನ ಮೆಚ್ಚಿನ ಆಟ.

ಆಮೇಲೆ ತೂಕ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ನಮ್ಮ ಮೈಯ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ. ಎದೆ ತುಂಬ ಉಸಿರೆಳೆದು ಅಂಗಾತ ಮಲಗಿದರೆ ನೀರು ಹೊರುತ್ತದೆ. ಉಸಿರು ಬಿಟ್ಟರೆ ಮೆಲ್ಲಗೆ ಇಳಿಸುತ್ತದೆ. ಒಂದು ಉಸಿರಿನಷ್ಟು ಗಾಳಿ ಮೇಲು-ಕೆಳಗನ್ನು ತೀರ್ಮಾನಿಸುವುದನ್ನು ಅನುಭವಿಸುತ್ತ ಗಂಟೆಗಟ್ಟಲೆ ಕಳೆಯಬಹುದು. ಭೂಮಿಯ ಅತಿ ದೊಡ್ಡ ಪ್ರಾಣಿಯಾದ ನೀಲಿ ತಿಮಿಂಗಿಲ ಇರುವುದು ಕಡಲಿನಲ್ಲಿ. ಅದು ದಡಕ್ಕೆ ಬಿದ್ದರೆ ತನ್ನ ತೂಕವೇ ತನಗೆ ಮುಳುವು. ನೈದಿಲೆಯ ದಂಟು ನೀರೊಳಗೆ ಆಳೆತ್ತರ ನಿಂತಿರುತ್ತದೆ, ಕಿತ್ತು ದಡಕ್ಕೆ ತಂದರೆ ಜೋತುಬೀಳುತ್ತದೆ. ಅಷ್ಟೇ ಎತ್ತರಕ್ಕೆ ನೆಲದ ಮೇಲೆ ನಿಲ್ಲಲು ಬೇವಿಗೆ ಕಟ್ಟಿಗೆ ಬೇಕು, ನಮಗೆ ಮೂಳೆ ಬೇಕು.

ಹೊರುವ ನೀರು ಒತ್ತುವುದನ್ನೂ ಬಲ್ಲದು. ಗಾಳಿಯ ಒತ್ತಡ ಅರ್ಧಕ್ಕಿಳಿಯಬೇಕಾದರೆ ಸುಮಾರು ಐದೂವರೆ ಕಿಲೋಮೀಟರ್ ಮೇಲೇರಬೇಕು. ನೀರಿನಲ್ಲಿ ಬರಿಯ 10 ಮೀಟರ್ ಇಳಿದರೆ ಒತ್ತಡ ಎರಡರಷ್ಟಾಗುತ್ತದೆ. ತಳದ ಕಲ್ಲು ಮುಟ್ಟಿಬರಲು ಮುಳುಗುವವರಿಗೆ ಎರಡಾಳು ಇಳಿಯುವಷ್ಟರಲ್ಲೇ ಕಿವಿ ಬಿಗಿದುಕೊಳ್ಳುವುದು ಇದರಿಂದಲೇ. ಮೂಗು ಹಿಡಿದು ಮೆಲ್ಲಗೆ ಊದಿದರೆ ಒಳಗಿನ ಗಾಳಿ ಹೊರಗಿನ ನೀರಿಗೆ ಸಮನಾಗಿ ಕಿವಿ ತೆರೆಯುತ್ತದೆ.

ಆ ಕಿವಿಗೆ ಕೇಳುವುದೂ ಬೇರೆ ಲೋಕದ್ದು. ಮೆಟ್ಟಿಲ ಮೇಲಿನವರ ಮಾತು ಒಳಗೆ ಬರುವುದೇ ಇಲ್ಲ. ಗಾಳಿಯ ಸದ್ದು ಬಹುಪಾಲು ನೀರಿನ ಮೇಲ್ಮೈಗೆ ತಾಗಿ ಹಿಂದಿರುಗುತ್ತದೆ. ಆದರೆ ಜೊತೆಗಾರ ನೀರೊಳಗೆ ಎರಡು ಕಲ್ಲು ಕುಟ್ಟಿದರೆ ಟಣ್ ಎಂದು ತಲೆಯ ನಡುವೆಯೇ ಕೇಳಿಸುತ್ತದೆ. ಯಾವ ಕಡೆಯಿಂದ ಬಂತೆಂದು ಹೇಳಲಾಗದು. ಎರಡು ಕಿವಿಗೆ ಸದ್ದು ತಲುಪುವ ಹೊತ್ತಿನ ಅಂತರದಿಂದ ಮಿದುಳು ದಿಕ್ಕನ್ನು ಗುರುತಿಸುತ್ತದೆ; ಗಾಳಿಯಲ್ಲಿ ಸೆಕೆಂಡಿಗೆ 340 ಮೀಟರ್ ಹೋಗುವ ಸದ್ದು ನೀರಿನಲ್ಲಿ 1,480 ಮೀಟರಿನಷ್ಟು ಓಡುವುದರಿಂದ ಆ ಅಂತರ ತೀರ ಕಿರಿದಾಗುತ್ತದೆ.

ಕಣ್ಣಿಗಂತೂ ಹಬ್ಬ. ನೀರು ತಿಳಿಯಾಗಿದ್ದ ದಿನ ಮುಳುಗಿ ಮೇಲೆ ನೋಡಿ. ಹೊರಗಿನ ಲೋಕವೆಲ್ಲ, ಬಾವಿಯ ಕಟ್ಟೆ, ಬಾಗಿದ ಹೊಂಗೆ ಮರ, ಆಕಾಶ, ತಲೆಯ ಮೇಲಿನ ಒಂದೇ ದುಂಡು ಬೆಳಕಿಂಡಿಯೊಳಗೆ ಕೂಡಿಕೊಂಡಿರುತ್ತದೆ. ಬೆಳಕು ನೀರಿಗಿಳಿಯುವಾಗ ಬಾಗುವುದರಿಂದ ಆ ಕಿಂಡಿಯ ಹರವು ಸುಮಾರು 97 ಡಿಗ್ರಿ. ಅದರಾಚೆ ಮೇಲ್ಮೈ ಕನ್ನಡಿಯಾಗಿ ತಳದ ಪಾಚಿಯನ್ನೇ ತೋರಿಸುತ್ತದೆ. ಮೀನಿಗೆ ನಮ್ಮ ಲೋಕ ಕಾಣುವುದು ಹೀಗೆ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಉಸಿರಿನದು. ಒಂದು ಲೀಟರ್ ಗಾಳಿಯಲ್ಲಿ 250 ಮಿಲಿಗ್ರಾಮಿಗೂ ಹೆಚ್ಚು ಆಮ್ಲಜನಕವಿದೆ. ಒಂದು ಲೀಟರ್ ನೀರು 30 ಡಿಗ್ರಿಯಲ್ಲಿ ಕರಗಿಸಿಕೊಳ್ಳಬಲ್ಲದ್ದು ಏಳೂವರೆ ಮಿಲಿಗ್ರಾಮಿನಷ್ಟು ಮಾತ್ರ. ಅಷ್ಟನ್ನು ಹೀರಿಕೊಳ್ಳಲು ಮೀನು ಬಿಡುವಿಲ್ಲದೆ ಕಿವಿರಿನ ಮೇಲೆ ನೀರು ಹಾಯಿಸುತ್ತಿರಬೇಕು. ಅದೇ ಮೀನನ್ನು ಆಮ್ಲಜನಕ ತುಂಬಿದ ಗಾಳಿಗೆ ತಂದರೆ ಕಿವಿರಿನ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಉಸಿರುಗಟ್ಟಿ ಸಾಯುತ್ತದೆ. ನೀರುಜೀರುಂಡೆಯ ಉಪಾಯವೇ ಬೇರೆ. ಮೆಟ್ಟಿಲ ಬಳಿ ಅಲ್ಲಾಡದೆ ಕುಳಿತರೆ ಅದು ಮೇಲೆ ಬಂದು, ಹಿಂಬದಿಯನ್ನು ಮೇಲ್ಮೈಗೆ ತಾಗಿಸಿ ತಲೆಕೆಳಗಾಗಿ ತೂಗುವುದು ಕಾಣುತ್ತದೆ. ರೆಕ್ಕೆಯ ಚಿಪ್ಪಿನಡಿ ಗಾಳಿ ತುಂಬಿಕೊಳ್ಳುತ್ತದೆ. ಮತ್ತೆ ಮುಳುಗುವಾಗ ಹಿಂದೆ ಬೆಳ್ಳಿಯ ಹನಿಯಂತೆ ಒಂದು ಗುಳ್ಳೆ ಹೊಳೆಯುತ್ತಿರುತ್ತದೆ. ನೆಲದ ಉಸಿರನ್ನು ಕಟ್ಟಿಕೊಂಡು ನೀರಿಗೆ ಹೋಗುವ ಜೀವ ಅದು. ನಾವೂ ಮುಳುಗುವಾಗ ಮಾಡುವುದು ಅದನ್ನೇ.

ಹೀಗೆ ಈಜುತ್ತ ಈಜುತ್ತ ನನಗೆ ಮನದಟ್ಟಾದದ್ದು ಇಷ್ಟು: ನೆಲ ನಮಗೆ ಉಸಿರನ್ನು ಧಾರಾಳವಾಗಿ ಕೊಟ್ಟು ತೂಕ ಹೊರಿಸಿದೆ, ನೀರು ತನ್ನ ಮಕ್ಕಳ ತೂಕ ಇಳಿಸಿ ಉಸಿರಿಗೆ ದುಡಿಸುತ್ತದೆ. ಇದು ಮೈಗೆ ತಿಳಿದವರಿಗೆ ಕೆರೆಯ ಸಂಕಟವೂ ತಿಳಿಯುತ್ತದೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದವು. ಬೇಸಿಗೆಯಲ್ಲಿ ಕಾದ ನೀರು ಆಮ್ಲಜನಕವನ್ನು ಹಿಡಿದಿಡುವುದೇ ಕಡಿಮೆ. ಚರಂಡಿ ನೀರು ಸೇರಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಇದ್ದಷ್ಟನ್ನೂ ಮುಗಿಸುತ್ತವೆ. ನೆಲದ ಮೇಲೆ ಕೊಳಕು ಬಿದ್ದರೆ ಮೂಗು ಮುಚ್ಚಿಕೊಂಡು ದೂರ ಹೋಗಬಹುದು. ಕೆರೆಯ ಮೀನಿಗೆ ದೂರವೆಂಬುದಿಲ್ಲ. ಆದ್ದರಿಂದ ಮಕ್ಕಳಿಗೆ, ಈಜು ಬಲ್ಲ ಹಿರಿಯರು ಜೊತೆಗಿದ್ದು, ಈಜು ಕಲಿಸಬೇಕು. ಮುಳುಗಿ ಉಸಿರು ಬಿಗಿಹಿಡಿದು ಮೇಲೆದ್ದ ಮಗುವಿಗೆ, ಕೆರೆಗೆ ಚರಂಡಿ ಯಾಕೆ ಬಿಡಬಾರದೆಂದು ಪಾಠ ಹೇಳಬೇಕಾಗುವುದಿಲ್ಲ.