ಬಿಸಿಲಿಗೂ ರೇಟು ಇರೋ ಊರಲ್ಲಿ ನಮ್ಮ ಜಮಾ-ಖರ್ಚು

ಬಹಳ ದಿನ ಆಯ್ತು ಇಲ್ಲಿ ಏನೂ ಗೀಚದೆ. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ. ಪ್ರತಿ ರಾತ್ರಿ ಬರೀತಾನೇ ಇದ್ದೆ, ಆದ್ರೆ ಅದು ನೂರು ಪುಟದ ನೋಟ್‌ಬುಕ್ಕಿನಲ್ಲಿ. ಹಾಲು ಮೂವತ್ತು, ಕೊತ್ತಂಬರಿ ಹದಿನೈದು, ಪೆಟ್ರೋಲು ಇನ್ನೂರು.. ಹೀಗೆ. ಇವತ್ತು ಆ ನೋಟ್‌ಬುಕ್ಕಿನ ಕತೆಯನ್ನೇ ಹೇಳ್ತೀನಿ. ಬೋರ್ ಆದ್ರೆ ಕ್ಷಮಿಸಿ, ಲೆಕ್ಕದ ವಿಷ್ಯ ಯಾವತ್ತಿದ್ರೂ ಬೋರೇ :)

ನಮ್ಮೂರು ಚಿಮ್ಮನಚೋಡ. ಚಿಂಚೋಳಿ ತಾಲ್ಲೂಕು, ಕಲಬುರಗಿ ಜಿಲ್ಲೆ. ಮುಲ್ಲಾಮಾರಿ ನದಿ ದಂಡೆ ಮೇಲಿನ ಊರು. ಮೇಲೆ ನಾಗರಾಳ ಜಲಾಶಯದಿಂದ ನೀರು ಬಿಟ್ಟರು ಅಂದ್ರೆ ಊರವರಿಗೆ ಎದೆ ಡವಡವ. ಉಳಿದಂತೆ ಬಿಸಿಲು, ತೊಗರಿ, ಜೋಳ, ಮತ್ತೆ ಬಿಸಿಲು. ನಾನು ಈಗ ಇರೋದು ಗೋವಾದ ವಾಸ್ಕೋ ಹತ್ತಿರದ ಜುವಾರಿನಗರದಲ್ಲಿ. 2017ರಲ್ಲಿ ಬಂದೆ. ವೆರ್ಣಾ ಕೈಗಾರಿಕಾ ವಸಾಹತಿನ ಒಂದು ಸಣ್ಣ ಕಂಪನಿಯಲ್ಲಿ ಸ್ಟೋರ್ ಕೀಪರ್ ಕೆಲಸ. ಇಲ್ಲಿ ಓಣಿ ತುಂಬಾ ನಮ್ಮ ಕಡೆಯ ಮಂದಿನೇ. ವಿಜಯಪುರ, ಬಾಗಲಕೋಟೆ, ಗದಗ, ಕಲಬುರಗಿ. ಬೆಳಿಗ್ಗೆ ಎದ್ದರೆ ರೊಟ್ಟಿ ಬಡಿಯೋ ಸದ್ದು ಕೇಳುತ್ತೆ. ಕಣ್ಣು ಮುಚ್ಚಿದ್ರೆ ಸಮುದ್ರ ಹತ್ತಿರ ಇದೆ ಅಂತ ಗೊತ್ತೇ ಆಗಲ್ಲ.

ಗೋವಾದಲ್ಲಿ ಇದೀನಿ ಅಂದ್ರೆ ಊರಲ್ಲಿ ಗೆಳೆಯರು ಕಣ್ಣು ಹೊಡೀತಾರೆ. "ಮಜಾ ಅದಪ್ಪಾ ನಿಂದು" ಅಂತ. ಅವರ ತಲೆಯಲ್ಲಿರೋದು ಬೀಚು. 2024ರಲ್ಲಿ ಒಂದು ಕೋಟಿಗೂ ಹೆಚ್ಚು ಪ್ರವಾಸಿಗರು ಇಲ್ಲಿಗೆ ಬಂದಿದ್ರು. ಇಡೀ ರಾಜ್ಯದ ಜನಸಂಖ್ಯೆ 2011ರ ಜನಗಣತಿಯಲ್ಲಿ ಇದ್ದದ್ದು ಹದಿನಾಲ್ಕೂವರೆ ಲಕ್ಷ. ವಿಸ್ತೀರ್ಣ 3,702 ಚದರ ಕಿಲೋಮೀಟರು, ನಮ್ಮ ಕಲಬುರಗಿ ಜಿಲ್ಲೆಯ ಮೂರನೇ ಒಂದು ಪಾಲು ಅಷ್ಟೇ. ಇಷ್ಟು ಪುಟ್ಟ ಜಾಗಕ್ಕೆ ಅಷ್ಟು ಜನ ಬಂದ್ರೆ ಏನಾಗುತ್ತೆ? ರೂಮಿಗೆ, ಊಟಕ್ಕೆ, ಟ್ಯಾಕ್ಸಿಗೆ ಎಲ್ಲದಕ್ಕೂ ಬಂದವರ ಜೇಬು ನೋಡಿ ರೇಟು ಬೀಳುತ್ತೆ. ಇಲ್ಲೇ ದುಡಿದು ಇಲ್ಲೇ ತಿನ್ನೋರಿಗೆ ಬೇರೆ ರೇಟ್ ಬೋರ್ಡ್ ಯಾರೂ ಹಾಕಲ್ಲ.

ಒಂದು ತಮಾಷೆ ನೋಡಿ. ನಮ್ಮ ಕಲಬುರಗಿಗೆ ಬಿಸಿಲೂರು ಅಂತಲೇ ಹೆಸರು. ಮೇ ತಿಂಗಳಲ್ಲಿ ನಲವತ್ಮೂರು ಡಿಗ್ರಿ. ಆ ಬಿಸಿಲಿಗೆ ಹೆದರಿ ಜನ ಊರು ಬಿಡ್ತಾರೆ. ಇಲ್ಲಿ ಡಿಸೆಂಬರ್ ಬಿಸಿಲಿಗೆ ಜನ ವಿಮಾನ ಹತ್ತಿ ಬಂದು, ದುಡ್ಡು ಕೊಟ್ಟು ಮೈ ಒಡ್ಡಿ ಮಲಗ್ತಾರೆ. ಬಿಸಿಲು ಎರಡೂ ಕಡೆ ಅದೇ ಸೂರ್ಯನದು. ಒಂದು ಕಡೆ ಅದಕ್ಕೆ ರೇಟು ಇದೆ, ಇನ್ನೊಂದು ಕಡೆ ಇಲ್ಲ. ಇರ್ಲಿ.

ಈಗ ಲೆಕ್ಕಕ್ಕೆ ಬರೋಣ. ಮುಚ್ಚುಮರೆ ಯಾಕೆ, 2024ರ ನನ್ನ ನೋಟ್‌ಬುಕ್ಕಿನ ಒಂದು ತಿಂಗಳ ಪುಟ ಹಾಗೇ ಇಡ್ತೀನಿ.

ಜಮಾ: ನನ್ನ ಪಗಾರ 26,000. ಹೆಂಡತಿ ಮನೆಯಲ್ಲಿ ರವಿಕೆ ಹೊಲಿದು ತಂದದ್ದು 4,000. ಒಟ್ಟು 30,000.

ಖರ್ಚು: ಒಂದು ರೂಮು-ಕಿಚನ್ ಬಾಡಿಗೆ 8,500. ಕರೆಂಟು, ನೀರು 900. ಗ್ಯಾಸು (ಸಿಲಿಂಡರು ನಲವತ್ತು ದಿನ ಬರುತ್ತೆ, ತಿಂಗಳಿಗೆ ಹಂಚಿದ್ರೆ) 700. ಹಾಲು ದಿನಕ್ಕೆ ಅರ್ಧ ಲೀಟರ್ 900. ಕಿರಾಣಿ 4,500. ತರಕಾರಿ 2,000. ಮೀನು, ಮೊಟ್ಟೆ 1,500. ಮಗಳ ಶಾಲೆ, ವ್ಯಾನು 3,200. ಪೆಟ್ರೋಲು 1,500. ಫೋನು 700. ಇಲ್ಲಿಗೆ 24,400. ಕೊನೆಯ ಸಾಲು "ಊರು" 4,000. ಉಳಿದದ್ದು 1,600. ಜ್ವರ, ಬಟ್ಟೆ, ಮದುವೆ-ಮುಂಜಿ, ಊರಿಗೆ ಹೋಗಿ ಬರೋದು, ಎಲ್ಲಾ ಈ ಸಾವಿರದ ಆರುನೂರರಲ್ಲಿ!

ಹಾಗಾಗಿ ಸಣ್ಣ ಸಣ್ಣ ಉಪಾಯಗಳು. ಹೊಸದಾಗಿ ಈ ಕಡೆ ಬರೋರಿಗೆ ಉಪಯೋಗ ಆಗಬಹುದು, ಹೇಳಿಬಿಡ್ತೀನಿ.

ತರಕಾರಿ ಇಲ್ಲಿಗೆ ಬಹುಪಾಲು ಬರೋದು ನಮ್ಮ ಬೆಳಗಾವಿಯಿಂದ. ಘಟ್ಟ ಇಳಿದು ಬಂದ ಬದನೆಕಾಯಿಗೆ ಘಟ್ಟದ ಖರ್ಚೂ ಸೇರಿರುತ್ತೆ. ಆದ್ರೆ ಗೋವಾ ತೋಟಗಾರಿಕೆ ನಿಗಮದ ಅಂಗಡಿಗಳಲ್ಲಿ ಸರ್ಕಾರ ಸಬ್ಸಿಡಿ ಕೊಟ್ಟು ಮಾರಿಸುತ್ತೆ. 2023ರ ಜುಲೈನಲ್ಲಿ ದೇಶದ ತುಂಬಾ ಟೊಮೆಟೊ ನೂರು ದಾಟಿತ್ತಲ್ಲ, ಆಗ ನಾವು ಪುಂಡಿಪಲ್ಯ, ಹುಣಸೆಹಣ್ಣಿನ ಮೇಲೇ ದಿನ ತಳ್ಳಿದ್ವಿ. ಹುಳಿ ಹುಳಿಯೇ ತಾನೆ?

ಮೀನು ತಿನ್ನೋದು ಕಲಿತದ್ದು ಇಲ್ಲಿಗೆ ಬಂದ ಮೇಲೆ. ಪ್ರವಾಸಿಗರು ಹೋಟೆಲಲ್ಲಿ ತಿನ್ನೋ ಇಸ್ವಣ ನಮ್ಮ ಕೈಗೆ ಎಟುಕಲ್ಲ. ಬಂಗಡೆಯೇ ನಮಗೆ ಸರಿ, ಅದೂ ಸಂಜೆ ಮೇಲೆ, ಮೀನಿನವಳು ಬುಟ್ಟಿ ಖಾಲಿ ಮಾಡಿ ಮನೆಗೆ ಹೋಗೋ ಅವಸರದಲ್ಲಿ ಇರುವಾಗ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆ ಇಡೋ ಕಾಲ, ಆಗ ಹಿಡಿದ್ರೆ ಮುಂದೆ ಏನೂ ಉಳಿಯಲ್ಲ. ಆ ಎರಡು ತಿಂಗಳು ನಮಗೆ ಮೊಟ್ಟೆ, ಒಣಮೀನು, ಇಲ್ಲಾಂದ್ರೆ ಬೇಳೆ.

ಊರಿಗೆ ಹೋಗೋ ವಿಷ್ಯದಲ್ಲೂ ಒಂದು ಯುಕ್ತಿ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಾವು ಗೋವಾದಿಂದ ನೇರ ಸ್ಲೀಪರ್ ಬಸ್ಸು ಹತ್ತೋದು ಬಿಟ್ವಿ. ಬೆಳಗಾವಿಯಲ್ಲಿ ಇಳಿದು, ಕೆಂಪು ಬಸ್ಸು ಹಿಡಿದು, ವಿಜಯಪುರ, ಕಲಬುರಗಿ, ಚಿಂಚೋಳಿ ಅಂತ ತುಂಡು ತುಂಡು ಪ್ರಯಾಣ. ಹೆಂಡತಿಯ ಆಧಾರ್ ವಿಳಾಸ ಇನ್ನೂ ಊರಿನದೇ ಇರೋದ್ರಿಂದ ಬೆಳಗಾವಿಯಿಂದ ಮುಂದೆ ಅವಳಿಗೆ ಟಿಕೆಟ್ ಸೊನ್ನೆ. ಮೈಕೈ ನೋವು ಮಾತ್ರ ಪೂರ್ತಿ ಚಾರ್ಜು.

ಇಷ್ಟೆಲ್ಲಾ ಬುದ್ಧಿವಂತಿಕೆ ಮಾಡಿದ ನಾನು ಒಂದು ದಡ್ಡತನವನ್ನೂ ಮಾಡಿದೆ. ಅಸಲಿಗೆ ಹೇಳಬೇಕು ಅಂತ ಹೊರಟದ್ದು ಅದನ್ನೇ. ಇಲ್ಲಿವರೆಗೆ ಸುತ್ತಾಡಿಸಿದೆ.

ನಮ್ಮಪ್ಪಂದು ನಾಲ್ಕು ಎಕರೆ. ತೊಗರಿಯೇ ಬದುಕು. 2022ರಲ್ಲಿ ನಮ್ಮ ಭಾಗದ ತೊಗರಿಗೆ ನೆಟೆರೋಗ ಬಂತು. ಕಾಯಿ ಕಟ್ಟೋ ಹೊತ್ತಿಗೆ ಹಚ್ಚಗಿದ್ದ ಗಿಡ ನಿಂತಲ್ಲೇ ಒಣಗಿ ಹೋಗುತ್ತೆ. ಮಣ್ಣಿನಲ್ಲಿರೋ ಶಿಲೀಂಧ್ರ ಬೇರು ಹಿಡಿದು ಮೇಲೇರಿ ನೀರಿನ ದಾರಿಯನ್ನೇ ಕಟ್ಟಿಹಾಕುತ್ತಂತೆ. ಆ ವರ್ಷ ಬೀಜ-ಗೊಬ್ಬರದ ಸಾಲ ಹಾಗೇ ಉಳೀತು. ಆವಾಗಿನಿಂದ ನಾನು ತಿಂಗಳಿಗೆ ನಾಲ್ಕು ಸಾವಿರ ತಪ್ಪದೆ ಕಳಿಸ್ತಿದ್ದೆ. ತಮ್ಮ ಊರಲ್ಲೇ ಇದ್ದು ಹೊಲ ನೋಡ್ಕೋತಾನೆ.

2024ರ ಅಕ್ಟೋಬರಿನಲ್ಲಿ ಫ್ರಿಜ್ ತಗೊಂಡೆ, ಕಂತಿನ ಮೇಲೆ. ಬೇಕಿತ್ತಾ ಅಂದ್ರೆ ಬೇಕಿತ್ತು. ಇಲ್ಲಿನ ಸೆಕೆಗೆ ಬೆಳಗಿನ ಸಾರು ಸಂಜೆಗೆ ಹಳಸುತ್ತೆ, ಹಾಲು ಒಡೆಯುತ್ತೆ. ಎಸೆದದ್ದರ ಲೆಕ್ಕ ಹಾಕಿದ್ರೆ ಫ್ರಿಜ್ಜೇ ಅಗ್ಗ ಅಂತ ಹೆಂಡತಿಗೆ ಪಾಠ ಮಾಡಿದೆ. ಆದ್ರೆ ಮುಂಗಡ, ಕಂತು, ಏರಿದ ಕರೆಂಟ್ ಬಿಲ್ಲು, ಮೇಲೆ ಮಗಳಿಗೆ ಜ್ವರ. ನವೆಂಬರಿನಲ್ಲಿ ನೋಟ್‌ಬುಕ್ಕಿನ "ಊರು" ಅನ್ನೋ ಸಾಲು ಖಾಲಿ ಬಿಟ್ಟೆ. ಅಪ್ಪನಿಗೆ ಫೋನ್ ಮಾಡಿ "ಪಗಾರ ಆಗಿಲ್ಲಪ್ಪಾ, ಕಂಪನಿದಾಗ ತಡಾ ಮಾಡ್ಲತ್ತಾರ" ಅಂದೆ. ಸುಳ್ಳು. ಡಿಸೆಂಬರಿನಲ್ಲೂ ಅದೇ ಸುಳ್ಳು. ಜನವರಿಯಲ್ಲೂ.

ಆ ಮೂರು ತಿಂಗಳು ಅವ್ವ ಫೋನಿನಲ್ಲಿ ಒಂದೇ ಮಾತು ಹೇಳ್ತಿದ್ಲು. "ನಂಗ ಗೃಹಲಕ್ಷ್ಮಿ ಎರಡು ಸಾವಿರ ಬರ್ತಾವ, ಕರೆಂಟ್ ಬಿಲ್ ಸೊನ್ನೆ ಬರ್ತದ. ನಮಗೇನೂ ಕಮ್ಮಿ ಇಲ್ಲ. ನೀವು ಉಣ್ಣರಿ ಛಲೋತ್ನಾಗ." ಅದನ್ನು ಕೇಳಿ ನನಗೆ ಸಮಾಧಾನ ಆಗ್ತಿತ್ತು. ನಾಚಿಕೆ ಆಗಬೇಕಿತ್ತು, ಆದ್ರೆ ನಿಜ ಹೇಳ್ತೀನಿ, ಸಮಾಧಾನವೇ ಆಗ್ತಿತ್ತು.

2025ರ ಫೆಬ್ರವರಿ ಮೊದಲ ವಾರ, ನಮ್ಮ ಕಡೆಯಿಂದ ಬಂದ ಒಂದು ಲಾರಿಯಲ್ಲಿ ಮೂರು ಚೀಲ ಬಂದ್ವು. ಪ್ರತಿ ವರ್ಷ ಬರೋದೇ. ತೊಗರಿಬೇಳೆ ಮೂವತ್ತು ಕೆಜಿ, ಜೋಳ ಅರವತ್ತು, ಶೇಂಗಾ ಆರು, ಖಾರಪುಡಿ ಎರಡು. ಜೊತೆಗೆ ಅವ್ವನ ಉಪ್ಪಿನಕಾಯಿ, ಶೇಂಗಾ ಚಟ್ನಿ. ಬಾಡಿಗೆ ಎಷ್ಟು ಅಂತ ಕೇಳಿದ್ರೆ ಲಾರಿಯವ "ಮುಟ್ಟೇದರೀ, ಊರಾಗೇ ಕೊಟ್ಟಾರ" ಅಂದ. ಮೊದಲೆಲ್ಲಾ ಆ ಬಾಡಿಗೆ ನಾನು ಇಲ್ಲಿ ಕೊಡ್ತಿದ್ದೆ.

ಅವತ್ತು ರಾತ್ರಿ ತಮ್ಮನಿಗೆ ಫೋನ್ ಮಾಡಿದೆ. ಮಾತಿಗೆ ಮಾತು ಬೆಳೀತು. "ಎರಡು ವರ್ಷದಿಂದ ತಿಂಗಳಾ ತಿಂಗಳಾ ಕಳಿಸೀನಿ, ಬರೆದಿಟ್ಟೀನಿ" ಅಂದೆ ನಾನು. ಅವನು ಸುಮ್ಮನಿದ್ದು ಆಮೇಲೆ ಹೇಳಿದ: "ನೀ ಕಳಿಸಿದ್ದು ಬರೀತೀ ಅಣ್ಣಾ. ನಾವು ಕಳಿಸಿದ್ದು ಯಾರು ಬರೀತಾರ?"

ಫೋನ್ ಇಟ್ಟು ನೋಟ್‌ಬುಕ್ ತೆಗೆದೆ. ಏಳು ವರ್ಷದ್ದು, ಏಳು ನೋಟ್‌ಬುಕ್. "ಊರು" ಅನ್ನೋ ಸಾಲು ಎಲ್ಲಾ ಕಡೆ ಖರ್ಚಿನಲ್ಲೇ ಇದೆ. ಜಮಾದಲ್ಲಿ ಒಂದು ಸಲವೂ ಇಲ್ಲ. ಸರಿ, ಈಗ ಬರೆಯೋಣ ಅಂತ ಕೂತೆ. ವಾಸ್ಕೋ ಅಂಗಡಿ ರೇಟಿನಲ್ಲಿ ಬೇಳೆ 150ರಂತೆ 4,500. ಜೋಳ 50ರಂತೆ 3,000. ಶೇಂಗಾ 140ರಂತೆ 840. ಖಾರಪುಡಿ 400ರಂತೆ 800. ಒಟ್ಟು 9,140. ಉಪ್ಪಿನಕಾಯಿಗೆ ರೇಟು ಹಾಕೋಕೆ ಕೈ ಬರಲಿಲ್ಲ.

ಆ ವರ್ಷ ತೊಗರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ಇತ್ತು. ಅಂದ್ರೆ ಕೆಜಿಗೆ ಎಪ್ಪತ್ತೈದೂವರೆ. ನೂರು ಕೆಜಿ ತೊಗರಿ ಒಡೆಸಿದ್ರೆ ಬೇಳೆ ಬರೋದು ಹೆಚ್ಚುಕಮ್ಮಿ ಎಪ್ಪತ್ತು ಕೆಜಿ. ನಮ್ಮ ಮೂವತ್ತು ಕೆಜಿ ಬೇಳೆಗೆ ಅಪ್ಪ ನಲವತ್ತಮೂರು ಕೆಜಿ ತೊಗರಿ ಮಾರದೆ ಇಟ್ಟಿದ್ದಾನೆ. ಮೂರು ಸಾವಿರದ ಇನ್ನೂರು ರೂಪಾಯಿಯಷ್ಟು. ನನ್ನ ಕಡೆಯಿಂದ ದುಡ್ಡು ಬಾರದ ಅದೇ ಮೂರು ತಿಂಗಳಲ್ಲಿ.

ಹಿಂದಿನದ್ದೂ ನೆನಪು ಮಾಡ್ಕೊಂಡೆ. 2017ರಲ್ಲಿ ಈ ರೂಮಿನ ಡಿಪಾಜಿಟ್ ಇಪ್ಪತ್ತೈದು ಸಾವಿರ ಅಪ್ಪ ತೊಗರಿ ಮಾರಿ ಕೊಟ್ಟದ್ದು. ಮಗಳು ಹುಟ್ಟುವಾಗ ಹೆಂಡತಿ ಐದು ತಿಂಗಳು ಊರಲ್ಲಿ ಇದ್ದಳು, ಎಣ್ಣೆ-ನೀರು, ಬಾಣಂತನ ಎಲ್ಲಾ ಅವ್ವಂದು. ಎಷ್ಟು ಕೂಡಿಸಿದ್ರೂ ಕಾಗದದ ಮೇಲೆ ನಾನು ಕಳಿಸಿದ್ದೇ ಹೆಚ್ಚು ಬರ್ತಿತ್ತು. ಸಿನಿಮಾದಲ್ಲಾದ್ರೆ ಕೊನೆಗೆ ಅಪ್ಪನ ಕಡೆ ಬಾಕಿ ಬರಬೇಕಿತ್ತು, ಅಲ್ವಾ? ಬರಲಿಲ್ಲ. ಆದ್ರೆ ನಾನು ಗೆದ್ದೆ ಅಂತಲೂ ಅನ್ನಿಸಲಿಲ್ಲ. ಏಳು ವರ್ಷ ನಾನು ಮನೆಗೆ ಉಪಕಾರ ಮಾಡ್ತಿದೀನಿ ಅಂತ ತಿಳ್ಕೊಂಡು ಒಂದೇ ಬದಿಯ ಪುಸ್ತಕ ಬರೆದಿದ್ದೆ. ಸ್ಟೋರ್ ಕೀಪರ್ ನಾನು! ಒಳಗೆ ಬಂದ ಮಾಲು ಬರೆಯದೆ ಹೊರಗೆ ಹೋದ ಮಾಲು ಮಾತ್ರ ಬರೆದ್ರೆ ಕಂಪನಿಯಲ್ಲಿ ಒಂದು ದಿನ ಇಟ್ಕೊಳ್ತಾರಾ?

ಮರುದಿನ ಅಪ್ಪನಿಗೆ ಫೋನ್ ಮಾಡಿ ನಿಜ ಹೇಳಿದೆ. ಪಗಾರ ಆಗಿತ್ತು, ಫ್ರಿಜ್ ತಗೊಂಡೆ, ಸುಳ್ಳು ಹೇಳಿದೆ ಅಂತ. ಹೇಳುವಾಗ ಗಂಟಲು ಒಣಗಿತ್ತು.

ಅಪ್ಪ ಅಂದ, "ಗೊತ್ತದ."

"ಹ್ಯಾಂಗ?"

"ದೀಪಾವಳಿ ದಿನಾನೇ ಮೊಮ್ಮಗಳು ವಿಡಿಯೋದಾಗ ತೋರಿಸ್ಯಾಳಲ್ಲ. ಅಜ್ಜಾ ನೋಡು, ನಮ್ಮನಿಗಿ ಫ್ರಿಜ್ ಬಂದದ ಅಂತ."

ಅಂದ್ರೆ ನಾನು ಮೊದಲ ಸುಳ್ಳು ಹೇಳೋಕೆ ಮುಂಚೆಯೇ ಅವರಿಗೆ ಗೊತ್ತಿತ್ತು. ಮೂರೂ ತಿಂಗಳು "ಆಗಲಿ ತಮ್ಮಾ, ಆದಾಗ ಕಳಸು" ಅಂತ ಕೇಳಿಸಿಕೊಂಡಿದ್ರು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಅಪ್ಪನೇ ಮಾತು ತಿರುಗಿಸಿದ. "ಬ್ಯಾಳಿ ಫ್ರಿಜ್‌ನಾಗ ಇಡಬ್ಯಾಡ್ರಿ ಮತ್ತ. ಎರಡು ದಿನ ಬಿಸಲಿಗಿ ಹಾಕಿ, ಡಬ್ಬಿ ತುಂಬ್ರಿ. ಹುಳಾ ಬೀಳಲ್ಲ. ನಿಮ್ಮಲ್ಲಿ ಬಿಸಲು ಅದನೋ ಇಲ್ಲೋ?"

ಅದ ಅಪ್ಪಾ ಅಂದೆ.

ಆ ಭಾನುವಾರ ಮಾಲೀಕರನ್ನು ಕೇಳಿ ಟೆರೇಸಿನ ಮೇಲೆ ಹಳೇ ಸೀರೆ ಹಾಸಿ ಬೇಳೆ ಹರಡಿದ್ವಿ. ಮಗಳು ಕಾಗೆ ಕಾಯೋಕೆ ಕೂತಳು. ದೂರದಲ್ಲಿ ಮುರಗಾಂವ್ ಬಂದರಿನ ಕಡೆಗೆ ಹಡಗು ನಿಂತಿತ್ತು. ಆಚೆ ಯಾವುದೋ ಬೀಚಿನಲ್ಲಿ ಅದೇ ಬಿಸಿಲಿಗೆ ಜನ ಸಾವಿರಗಟ್ಟಲೆ ಕೊಟ್ಟು ಮಲಗಿರ್ತಾರೆ. ನಮ್ಮ ಚಿಮ್ಮನಚೋಡದ ಬೇಳೆ ಬಿಟ್ಟಿ ಮಲಗಿತ್ತು.

ಈಗ ನೋಟ್‌ಬುಕ್ಕಿನಲ್ಲಿ "ಊರು" ಅನ್ನೋ ಸಾಲು ಎರಡೂ ಬದಿ ಇದೆ. ಆ ಮೂರು ತಿಂಗಳ ಹನ್ನೆರಡು ಸಾವಿರವನ್ನು ತಿಂಗಳಿಗೆ ಸಾವಿರದಂತೆ ಹೆಚ್ಚು ಕಳಿಸಿ ಒಂದು ವರ್ಷದಲ್ಲಿ ತೀರಿಸಿದೆ. ಅಪ್ಪ ಬೇಡ ಅಂದ, ನಾನು ಕೇಳಲಿಲ್ಲ. ಅದಕ್ಕೆ ಪೆಟ್ರೋಲಿನಲ್ಲಿ ಆರುನೂರು, ಮೀನಿನಲ್ಲಿ ನಾನೂರು ಕತ್ತರಿ. ಗೆಳೆಯನ ಬೈಕಿನಲ್ಲಿ ಇಬ್ಬರೂ ವಾರಕ್ಕೆ ಮೂರು ದಿನ ಒಟ್ಟಿಗೆ ಹೋಗ್ತೀವಿ. ಉಳಿತಾಯ ಇನ್ನೂ ಅಷ್ಟಕ್ಕಷ್ಟೇ. ಬಾಡಿಗೆ ಏರಿಸ್ತೀನಿ ಅಂತ ಮಾಲೀಕರು ಸೂಚನೆ ಕೊಟ್ಟಿದಾರೆ, ಅದಕ್ಕೆ ಎಲ್ಲಿಂದ ಕತ್ತರಿಸೋದು ಅಂತ ಇನ್ನೂ ಹೊಳೆದಿಲ್ಲ.

ನೀವೂ ಊರು ಬಿಟ್ಟು ದೂರ ಇರೋರು ಬಹಳ ಜನ ಇದೀರಿ. ಮುಂಬಯಿ, ಮಂಗಳೂರು, ದುಬೈ ಅಂತ. ನಿಮ್ಮ ಮನೆ ಲೆಕ್ಕದಲ್ಲಿ ಊರು ಯಾವ ಬದಿಗೆ ಬರುತ್ತೆ? ಒಮ್ಮೆ ನೋಡಿ ಹೇಳಿ. ಬೇಳೆ ಉಳಿಸೋ ಉಪಾಯ ಇದ್ರೆ ಅದನ್ನೂ ಹೇಳಿ :)

ಮತ್ತೆ ಸಿಗೋಣ.